ವೆಸ್ಲಿಯ ಮೊಣಕೈ

ಆಗಿನ್ನೂ ಮಿಷಿಗನ್ ರಾಜ್ಯದ ಕ್ಯಾಂಟನ್ನಿನ ನಮ್ಮ ಸಬ್‌ಡಿವಿಷನ್ನಿನಲ್ಲಿ ಅರ್ಧದಷ್ಟು ಮನೆಗಳು ಎದ್ದಿರಲಿಲ್ಲ. ಸ್ಕೂಲ್ ಬಸ್ಸಿನಿಂದ ಇಳಿದರೆ ಹಸಿ ಹಲಗೆಯ ವಾಸನೆ, ಆಗತಾನೇ ಹಾಸಿದ ಹುಲ್ಲಿನ ವಾಸನೆ. ಖಾಲಿ ಸೈಟುಗಳಲ್ಲಿ ಟೆನಿಸ್ ಚೆಂಡು ಹಿಡಿದು ಬೇಸ್‌ಬಾಲ್ ಆಡುತ್ತಿದ್ದೆವು. ಈ ಕಡೆ ಬೆಳೆದ ನಿಮ್ಮಲ್ಲಿ ಹಲವರಿಗೆ ಅಂಥದೊಂದು ಖಾಲಿ ಸೈಟು ನೆನಪಿರಬಹುದು. ಮೈಸೂರಿನಲ್ಲಿ ಮೂರನೇ ಕ್ಲಾಸ್ ಮುಗಿಸಿ ಬಂದ ನನಗೆ ಆ ಆಟ ಬೇಗ ಹಿಡಿಸಿತ್ತು. ಆದರೆ ಹನ್ನೆರಡು ತುಂಬುವ ಹೊತ್ತಿಗೆ ಆಟಕ್ಕಿಂತ, ಪ್ಯಾಕೆಟ್ಟಿನಲ್ಲಿ ಮಾರುವ ಆಟಗಾರರ ಫೋಟೋ ಕಾರ್ಡುಗಳ ಹುಚ್ಚು ಹೆಚ್ಚಾಗಿತ್ತು.

ಇಂಡಿಯನ್ ಸ್ಟೋರಿನ ಪಕ್ಕದಲ್ಲೇ ಕಾರ್ಡ್ ಅಂಗಡಿಯಿತ್ತು. ಅಮ್ಮ ತೊಗರಿಬೇಳೆ, ಕರಿಬೇವು ಕೊಳ್ಳುವಷ್ಟರಲ್ಲಿ ನಾನು ಅಲ್ಲಿ ನುಗ್ಗಿರುತ್ತಿದ್ದೆ. ಗೋಡೆಯಾಚೆಯಿಂದ ಊದುಬತ್ತಿಯ ವಾಸನೆ ಅಲ್ಲಿಗೂ ಬರುತ್ತಿತ್ತು. ಹೊಸ ಪ್ಯಾಕೆಟ್ ಹರಿದಾಗ ಏಳುವ ಮಸಿಯ ವಾಸನೆಯೊಂದಿಗೆ ಅದು ಬೆರೆತು, ಇಂದಿಗೂ ನನಗೆ ಊದುಬತ್ತಿ ಎಂದರೆ ಹೊಸ ಕಾರ್ಡು.

ದೊಡ್ಡ ಆಟಗಾರರ ಕಾರ್ಡು ನನಗೆ ಬೇಕಿರಲಿಲ್ಲ. ಇನ್ನೂ ಕೆಳಗಿನ ಲೀಗುಗಳಲ್ಲಿ ಆಡುತ್ತಿರುವ, ಮುಂದೊಂದು ದಿನ ಹೆಸರು ಮಾಡಬಹುದಾದ ಹುಡುಗರ ಕಾರ್ಡುಗಳನ್ನು ಈಗಲೇ ಅಗ್ಗಕ್ಕೆ ಕೂಡಿಹಾಕಬೇಕು, ಅವರು ಮೇಲೇರಿದಾಗ ಮಾರಬೇಕು. ಯಾರಾದರೂ ಅಂಕಲ್ ಮನೆಗೆ ಬಂದು, “ಏನಪ್ಪಾ, ಆಟದ ಸಾಮಾನಾ?” ಎಂದರೆ, “ಇಲ್ಲ ಅಂಕಲ್, ಇನ್ವೆಸ್ಟ್ ಮಾಡ್ತಿದೀನಿ” ಎನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಆ ನಗು ನನಗೆ ಮೆಚ್ಚುಗೆಯಂತೆ ಕೇಳುತ್ತಿತ್ತು.

ನನ್ನ ದೊಡ್ಡ ನಂಬಿಕೆ ಒಬ್ಬ ಎಸೆತಗಾರ. ಹತ್ತೊಂಬತ್ತರ ಹುಡುಗ, ನಮ್ಮ ಮಿಷಿಗನ್ನಿನವನೇ. ಅವನ ನಿಜವಾದ ಹೆಸರು ಇಲ್ಲಿ ಬೇಡ, ವೆಸ್ಲಿ ಎನ್ನುತ್ತೇನೆ. ಅವನ ಹನ್ನೆರಡು ಕಾರ್ಡು ನನ್ನಲ್ಲಿದ್ದವು. ಪ್ರತಿ ವಾರವೂ ಅವುಗಳ ಬೆಲೆ ಏರುತ್ತಿತ್ತು.

ಈ ಹುಚ್ಚಿನಲ್ಲಿ ನನಗೊಬ್ಬಳು ಜೊತೆಗಾತಿಯಿದ್ದಳು, ಶಿಕಾಗೋ ಹತ್ತಿರದ ಅರೋರಾ ಊರಿನ ಸಂಜು. ಅವಳ ಅಪ್ಪ ಧಾರವಾಡದ ಪಾಟೀಲ ಅಂಕಲ್. ನಾನು, ಅಮ್ಮ ಬರುವುದಕ್ಕೆ ಎಷ್ಟೋ ವರ್ಷ ಮೊದಲು ಒಬ್ಬನೇ ಅಮೆರಿಕಕ್ಕೆ ಬಂದಿದ್ದ ನನ್ನಪ್ಪನೊಂದಿಗೆ ಒಂದೇ ಅಪಾರ್ಟ್‌ಮೆಂಟಿನಲ್ಲಿ ಇದ್ದವರು. ವರ್ಷಕ್ಕೆ ಮೂರು ಸಲವಾದರೂ ನಾವು ಅವರ ಮನೆಗೆ ಹೋಗಿ, ಬಾಲಾಜಿ ದೇವಸ್ಥಾನ ನೋಡಿ, ಅವರ ಬೇಸ್‌ಮೆಂಟಿನಲ್ಲಿ ಮಲಗಿ ಬರುತ್ತಿದ್ದೆವು. ಸಂಜು ನನಗಿಂತ ಎರಡು ವರ್ಷ ಚಿಕ್ಕವಳು, ಅಲ್ಲೇ ಹುಟ್ಟಿದವಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು. ಅದಕ್ಕೇ ಪಾಟೀಲ ಅಂಕಲ್ ಒಂದು ಉಪಾಯ ಮಾಡಿದ್ದರು. ಪ್ರತಿ ಶನಿವಾರ ಮಗಳ ಜೊತೆ ಕೂತು, ಅವಳ ಆಲ್ಬಮ್ಮಿನ ಒಂದೊಂದು ಕಾರ್ಡಿನ ಪ್ಲಾಸ್ಟಿಕ್ ಕವರಿನ ಮೇಲೂ ಆಟಗಾರನ ಹೆಸರನ್ನು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಅಂಟಿಸುತ್ತಿದ್ದರು. ಅವಳು ಒಂದೊಂದೇ ಅಕ್ಷರ ಕೂಡಿಸಿ ಓದಿ, ಅದರ ಕೆಳಗೆ ತಾನೂ ತಿದ್ದಬೇಕಿತ್ತು. ಬೇಸ್‌ಬಾಲಿನ ಗಂಧಗಾಳಿ ಇರದ ಆ ಮನುಷ್ಯ ಮಗಳಿಗಾಗಿ ನೂರಾರು ಆಟಗಾರರ ಹೆಸರು ಕಲಿತಿದ್ದರು.

ಸಂಜು ಬೆಲೆ ನೋಡಿ ಕೂಡಿಸುವವಳಲ್ಲ. ವೆಸ್ಲಿ ಅವಳಿಗೆ ಇಷ್ಟವಾಗಿದ್ದು ಅವನ ಕಿವಿಗಳಿಗಾಗಿ. ತನ್ನ ಕಿವಿಗಳಂತೆಯೇ ಅವನವೂ ಹೊರಗೆ ಚಾಚಿವೆ ಎನ್ನುತ್ತಿದ್ದಳು. ಆದರೆ ಅವನ ಒಂದು ಕಾರ್ಡೂ ಅವಳಿಗೆ ಸಿಕ್ಕಿರಲಿಲ್ಲ.

ಆ ಮೇ ತಿಂಗಳಲ್ಲಿ ಒಂದು ದಿನ ನಮಗೆ ಸ್ಕೂಲಿರಲಿಲ್ಲ. ಅಪ್ಪನಿಗೆ ಫ್ಯಾಕ್ಟರಿಯಲ್ಲಿ ಮೀಟಿಂಗ್. ಅಮ್ಮ ಹತ್ತಿರದ ಆನ್ ಆರ್ಬರಿನ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಬೇರೆ ದಾರಿಯಿಲ್ಲದೆ ನನ್ನನ್ನೂ ಕರೆದುಕೊಂಡು ಹೋಗಿ, ಚಿತ್ರಾನ್ನದ ಡಬ್ಬಿ ಕೊಟ್ಟು ಮೂಲೆಯ ಕುರ್ಚಿಯಲ್ಲಿ ಕೂರಿಸಿದಳು.

ಮಧ್ಯಾಹ್ನದ ಹೊತ್ತಿಗೆ ಎದುರಿನ ಕುರ್ಚಿಗೆ ವೆಸ್ಲಿ ಬಂದು ಕೂತ.

ಕಿವಿ ನೋಡಿಯೇ ಗುರುತು ಹತ್ತಿತು. ಚೆಂಡೆಸೆಯುವ ಬಲಗೈಯ ಮೊಣಕೈಗೆ ದಪ್ಪ ಪಟ್ಟಿ ಕಟ್ಟಿತ್ತು. ಪಕ್ಕದಲ್ಲಿ ಅವನ ತಾಯಿ. ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ಹೋಗಿ ಅವನಿಂದಾಗದೆ, ಆಕೆ ತೆಗೆದುಕೊಟ್ಟಳು. ಅವನು ಕುಡಿಯಲಿಲ್ಲ. ಬಾಟಲಿ ಹಿಡಿದುಕೊಂಡೇ ತಲೆ ತಗ್ಗಿಸಿ ಅಳತೊಡಗಿದ. ಸದ್ದಿಲ್ಲ, ಭುಜ ಮಾತ್ರ ಅಲುಗುತ್ತಿತ್ತು. ತಾಯಿ ಅವನ ಬೆನ್ನ ಮೇಲೆ ಕೈಯಿಟ್ಟು ಗೋಡೆ ನೋಡುತ್ತ ಕೂತಿದ್ದಳು. ಸ್ವಲ್ಪ ಹೊತ್ತಿಗೆ ನಾನು ನೋಡುತ್ತಿರುವುದು ಅವನಿಗೆ ತಿಳಿಯಿತು. ಮುಖ ಒರೆಸಿಕೊಂಡು, ನಾನು ಚಿಕ್ಕವನೆಂದೋ ಏನೋ, ಎಡಗೈ ಎತ್ತಿ ನಕ್ಕ.

ನಾನು ನಗಲಿಲ್ಲ. ನನ್ನ ಕಣ್ಣು ಆ ಮೊಣಕೈಯ ಮೇಲಿತ್ತು, ಮನಸ್ಸು ನನ್ನ ಹನ್ನೆರಡು ಕಾರ್ಡುಗಳ ಮೇಲಿತ್ತು.

ವಾಪಸು ಬರುವಾಗ ಅಮ್ಮ ಕಾರಿನಲ್ಲಿ ಹೇಳಿದಳು: “ರಘು, ಇವತ್ತು ಅಲ್ಲಿ ಯಾರನ್ನ ನೋಡ್ದೆ ಅಂತ ಯಾರಿಗೂ ಹೇಳ್ಬಾರ್ದು. ಅಪ್ಪಂಗೂ ಹೇಳ್ಬೇಡ.”

“ಯಾಕೆ?”

“ಅದು ಅವನ ಕಷ್ಟ ಕಣೋ. ಅವನೇ ಯಾವಾಗ ಹೇಳ್ಬೇಕೋ ಆಗ ಹೇಳ್ತಾನೆ. ಪ್ರಾಮಿಸ್?”

“ಪ್ರಾಮಿಸ್” ಎಂದೆ. ಮಾತು ಉಳಿಸಿಕೊಂಡೆ ಕೂಡ. ಯಾರಿಗೂ ಹೇಳಲಿಲ್ಲ.

ಮೇ ಕೊನೆಯ ಲಾಂಗ್ ವೀಕೆಂಡಿಗೆ ಅರೋರಾಕ್ಕೆ ಹೋದೆವು. ದೇವಸ್ಥಾನದ ಪುಳಿಯೋಗರೆ ತಿಂದು ಬಂದ ಮೇಲೆ ನಾನು, ಸಂಜು ಬೇಸ್‌ಮೆಂಟಿನ ಕಾರ್ಪೆಟ್ ಮೇಲೆ ಕಾರ್ಡು ಹರಡಿಕೊಂಡು ಕೂತೆವು. ಕ್ಯಾಂಟನ್ನಿನ ಅಂಗಡಿಯವನಿಗೆ ವೆಸ್ಲಿಯ ಕಾರ್ಡುಗಳನ್ನು ಮಾರಲು ನನಗೆ ಹೆದರಿಕೆಯಾಗಿತ್ತು, ಯಾಕೆ ಮಾರುತ್ತೀ ಎಂದು ಅವನು ಕೇಳಿಬಿಟ್ಟರೆ ಎಂದು. ಸಂಜು ಕೇಳಿದರೂ ನಾನು ಹೇಳಿದ್ದನ್ನು ನಂಬುತ್ತಾಳೆ ಎಂದು ಗೊತ್ತಿತ್ತು.

“ವೆಸ್ಲಿ ಬೇಕಾ? ಹನ್ನೆರಡೂ ಕೊಡ್ತೀನಿ.”

ಅವಳು ಬಾಯಿಬಿಟ್ಟು ನೋಡಿದಳು. “ಆಲ್ ಟ್ವೆಲ್ವ್? ವೈ?”

“ನಿಂಗೆ ಅಷ್ಟೊಂದು ಇಷ್ಟ ಅಲ್ವಾ, ಅದಕ್ಕೆ.”

ಈಗ ಯೋಚಿಸಿದರೆ, ಮಾಡಿದ್ದಕ್ಕಿಂತ ಈ ಒಂದು ಮಾತು ನನ್ನನ್ನು ಹೆಚ್ಚು ಸುಡುತ್ತದೆ. ಬದಲಿಗೆ ಏನು ಬೇಕು ಎಂದು ಕೇಳಿದಳು. ಅವಳ ಆಲ್ಬಮ್ ಪೂರ್ತಿ ಬೇಕೆಂದೆ. ಅವಳು ಒಂದು ನಿಮಿಷ ಅದರ ರಟ್ಟಿನ ಮೇಲೆ ಕೈಯಾಡಿಸಿದಳು, ಆಮೇಲೆ ನನ್ನ ಕಡೆ ತಳ್ಳಿದಳು.

ಅಷ್ಟರಲ್ಲಿ ಪಾಟೀಲ ಅಂಕಲ್ ಒಗ್ಗರಣೆ ಚುರುಮುರಿಯ ತಟ್ಟೆ ಹಿಡಿದು ಇಳಿದುಬಂದರು. “ಏನ್ ವ್ಯಾಪಾರ ನಡಸೀರಿ?” ಎಂದು ಕೇಳಿ, ವಿಷಯ ತಿಳಿದ ಮೇಲೆ ನನ್ನ ಪಕ್ಕ ಕುಕ್ಕರಗಾಲಿನಲ್ಲಿ ಕೂತರು. “ರಘು, ಇಕಿ ಸಣ್ಣಾಕಿ, ಹಟಾ ಮಾಡಿ ಕೇಳಿರಬೇಕು. ನಿನಗೇನೂ ಲುಕ್ಸಾನ ಆಗಂಗಿಲ್ಲ, ಹೌದಿಲ್ಲೋ?”

“ಇಲ್ಲ ಅಂಕಲ್” ಎಂದೆ.

ಮನೆಗೆ ಬಂದವನೇ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಆ ಕನ್ನಡದ ಚೀಟಿಗಳನ್ನೆಲ್ಲ ತೆಗೆದೆ. ಅವಿದ್ದರೆ ಅಂಗಡಿಯವನು ಬೆಲೆ ಇಳಿಸುತ್ತಾನೆ ಎಂಬ ಲೆಕ್ಕ. ನೆನೆದ ಕಾಗದ ಉಂಡೆಯಾಗಿ ಉಗುರಿಗೆ ಅಂಟಿಕೊಳ್ಳುತ್ತಿತ್ತು. ಅಂಕಲ್ಲಿನ ದುಂಡನೆಯ ಅಕ್ಷರ, ಅದರ ಕೆಳಗೆ ಸಂಜು ತಿದ್ದಿದ ಸೊಟ್ಟ ಅಕ್ಷರ, ಎಲ್ಲ ಕಸದ ಬುಟ್ಟಿಗೆ. ಒಳ್ಳೆಯ ಮೂರು ಕಾರ್ಡು ಮಾರಿದೆ.

ಜೂನಿನ ಎರಡನೇ ವಾರ ಸುದ್ದಿ ಹೊರಬಿತ್ತು. ವೆಸ್ಲಿಗೆ ಆಪರೇಷನ್, ಮತ್ತೆ ಎಸೆಯುವುದು ಅನುಮಾನ. ಅವನ ಕಾರ್ಡು ಯಾರಿಗೂ ಬೇಡವಾಯಿತು. ಆ ಸಂಜೆಯೇ ಸಂಜುವಿನ ಫೋನ್. ಬೈಯುತ್ತಾಳೆಂದು ಕಿವಿಯಿಂದ ದೂರ ಹಿಡಿದೆ. ಅವಳು ಮೂಗು ಎಳೆದುಕೊಳ್ಳುತ್ತ ಕೇಳಿದ್ದು, ನನಗೆ ತುಂಬಾ ಬೇಜಾರಾಗಿದೆಯಾ ಎಂದು. ಅವನು ನನಗೂ ಇಷ್ಟದವನಲ್ಲವೇ, ಆರು ಕಾರ್ಡು ವಾಪಸು ಕಳಿಸಲೇ, ಇಬ್ಬರ ಹತ್ತಿರವೂ ಇರಲಿ, ಎಂದಳು.

ಫೋನನ್ನು ಅಮ್ಮನ ಕಡೆ ಚಾಚಿದೆ. ಅಮ್ಮ ಏನೆಂದು ಕೇಳುತ್ತ ಫೋನ್ ತೆಗೆದುಕೊಂಡಳು. ಆ ಕಡೆಯಿಂದ ಅಂಕಲ್ ಮಾತಾಡಿದರು. ಅವರ ದನಿ ಯಾವಾಗಲೂ ದೊಡ್ಡದು, ನನಗೂ ಕೇಳಿಸಿತು: “ನಿಮ್ಮ ಹುಡುಗ ದೊಡ್ಡ ಮನಸ್ಸು ಮಾಡಿ ಎಲ್ಲಾ ಕೊಟ್ಟುಬಿಟ್ಟಿದ್ದ ರೀ ಅವತ್ತ. ಈಗ ನೋಡ್ರಿ, ಆ ಆಟಗಾರಗ ಹಿಂಗಾತು. ಕೂಸು ಒಂದ ಸವನ ಅಳಾಕತ್ತೈತಿ.”

ಅಮ್ಮ ಫೋನಿಟ್ಟು ನನ್ನೆದುರು ಬಂದು ನಿಂತಳು.

“ನಾನು ಯಾರಿಗೂ ಹೇಳ್ಲಿಲ್ಲಮ್ಮ. ಪ್ರಾಮಿಸ್” ಎಂದೆ.

“ಗೊತ್ತು” ಎಂದಳು. “ಆ ಹುಡುಗ ಅಲ್ಲಿ ಅಳ್ತಾ ಕೂತಿದ್ದ. ಅದನ್ನ ನೋಡಿ ನಿಂಗೆ ಹೊಳೆದಿದ್ದು ಇದಾ?”

ಹೊಡೆದಿದ್ದರೆ ಚೆನ್ನಾಗಿತ್ತು. ಶನಿವಾರ ನನ್ನೊಬ್ಬನನ್ನೇ ಕೂರಿಸಿಕೊಂಡು ಅರೋರಾಕ್ಕೆ ಡ್ರೈವ್ ಮಾಡಿದಳು. ಐದು ಗಂಟೆಯ ದಾರಿಯಲ್ಲಿ ಮಾತಾಡಿದ್ದು ಒಂದೇ ಸಲ. “ಆಲ್ಬಮ್ ಕೊಟ್ಟು ಸಾರಿ ಕೇಳು. ಯಾಕೆ ಅಂತ ಮಾತ್ರ ಹೇಳೋ ಹಾಗಿಲ್ಲ. ಅವನು ನಮ್ಮ ಆಸ್ಪತ್ರೆಗೆ ಬಂದಿದ್ದ ಅನ್ನೋದು ಅವರಿಗೂ ಗೊತ್ತಾಗ್ಬಾರ್ದು.”

ಬಾಗಿಲಲ್ಲೇ ಆಲ್ಬಮ್ ಚಾಚಿ, “ಸಾರಿ. ಮೂರು ಕಾರ್ಡು ಇಲ್ಲ, ಮಾರ್ಬಿಟ್ಟೆ” ಎಂದೆ. ಸಂಜು ಅಲ್ಲೇ ಕೂತು ಹಾಳೆ ತಿರುಗಿಸಿದಳು. ಮತ್ತೆ ತಿರುಗಿಸಿದಳು. “ಹೆಸರೆಲ್ಲಾ ಎಲ್ಲಿ?” ಎಂದು ಕನ್ನಡದಲ್ಲೇ ಕೇಳಿದಳು.

“ಬಿದ್ದುಹೋದವು” ಎಂದೆ.

ಪಾಟೀಲ ಅಂಕಲ್ಲಿನ ಕಣ್ಣು ತುಂಬಿತ್ತು. ನನ್ನ ಭುಜ ಹಿಡಿದು ತಮ್ಮ ಪಕ್ಕಕ್ಕೆ ಎಳೆದುಕೊಂಡರು. “ನೋಡಿ ಕಲಿ ಸಂಜೂ. ಲುಕ್ಸಾನ ಆದದ್ದು ನಿನಗ, ಮರುಗಿದಾಂವ ಇಂವ. ನೀ ಕೊಟ್ಟಿದ್ದನ್ನ ವಾಪಸ್ ತಂದುಕೊಡಾಕ ಅಷ್ಟು ದೂರದಿಂದ ಬಂದಾನ. ಎಂಥಾ ಹುಡುಗನ್ನ ಹಡದೀರಿ ಅಕ್ಕಾರ!”

ಅಮ್ಮ ಕಿಟಕಿಯ ಕಡೆ ತಿರುಗಿದಳು. ಜೋಳದ ರೊಟ್ಟಿ, ಎಣ್ಣೆಗಾಯಿ ಬಡಿಸಿದರು. ನನ್ನ ತಟ್ಟೆಗೇ ಎಲ್ಲರಿಗಿಂತ ಹೆಚ್ಚು ತುಪ್ಪ.

ಅಂಕಲ್ ಆ ಕಥೆಯನ್ನು ಬಿಡಲಿಲ್ಲ. ದೇವಸ್ಥಾನದಲ್ಲಿ, ಯುಗಾದಿಯ ಊಟದಲ್ಲಿ, ಹೊಸದಾಗಿ ಬಂದವರ ಮುಂದೆ, ನನ್ನನ್ನು ಕಂಡಾಗಲೆಲ್ಲ ಹೇಳಿದರು. ನಾನು ಅರೋರಾಕ್ಕೆ ಹೋಗುವುದು ತಪ್ಪಿಸಿಕೊಳ್ಳತೊಡಗಿದೆ. ಹೋಮ್‌ವರ್ಕ್ ಎಂದೆ, ಪರೀಕ್ಷೆ ಎಂದೆ, ಆಮೇಲೆ ಕೆಲಸ ಎಂದೆ.

ಕಳೆದ ಶರತ್ಕಾಲದಲ್ಲಿ ನನ್ನ ನಿಶ್ಚಿತಾರ್ಥಕ್ಕೆ ಅಂಕಲ್ ಸಂಜುವಿನೊಂದಿಗೆ ಕ್ಯಾಂಟನ್ನಿಗೆ ಬಂದರು. ಮಂಡಿನೋವು, ಕೋಲು ಹಿಡಿದು ನಡೆಯುತ್ತಾರೆ. ನಾನು ಮದುವೆಯಾಗಲಿರುವ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, “ನೀ ಎಂಥಾವನ್ನ ಆರಿಸಿಕೊಂಡಿ ಅಂತ ಗೊತ್ತೈತೇನವಾ?” ಎಂದು ಶುರುಮಾಡಿದರು. ಅವಳು ಕೇಳುತ್ತ ಕೇಳುತ್ತ ನನ್ನ ಕಡೆ ನೋಡಿದಳು. ಆ ನೋಟದಲ್ಲಿದ್ದ ಹೆಮ್ಮೆಯನ್ನು ನಿಂತು ಎದುರಿಸಲಾಗಲಿಲ್ಲ.

ಸಂಜುವನ್ನು ಹೊರಗೆ ಪಾರ್ಕಿಂಗ್ ಲಾಟಿಗೆ ಕರೆದೆ. ಅವಳೀಗ ಶಿಕಾಗೋದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾಳೆ. ವೆಸ್ಲಿ ಆಟ ಬಿಟ್ಟ ಮೇಲೆ ತನ್ನ ಕೈಯ ಕಥೆಯನ್ನು, ಆಸ್ಪತ್ರೆಯ ಹೆಸರು ಸಮೇತ, ತಾನೇ ಎಲ್ಲರಿಗೂ ಹೇಳಿಕೊಂಡಿದ್ದ. ಮುಚ್ಚಿಡಲು ನನಗೆ ನೆಪ ಉಳಿದಿರಲಿಲ್ಲ. ಎಲ್ಲವನ್ನೂ ಹೇಳಿದೆ. ಚೀಟಿ ಕಿತ್ತಿದ್ದನ್ನೂ ಹೇಳಿದೆ.

ಅವಳು ಕೋಪ ಮಾಡಿಕೊಳ್ಳಲಿಲ್ಲ. ಶಾಲನ್ನು ಬಿಗಿಯಾಗಿ ಹೊದ್ದುಕೊಂಡು, ಸಾಲಾಗಿ ನಿಂತ ಕಾರುಗಳನ್ನು ನೋಡುತ್ತ ನಿಂತಳು.

“ಅಪ್ಪಂಗೆ ಹೇಳಬ್ಯಾಡ” ಎಂದಳು ಕೊನೆಗೆ, ಅಪ್ಪ ಕಲಿಸಿದ ಕನ್ನಡದಲ್ಲೇ. “ಆ ಕಥಿ ಅಂದ್ರ ಅವನಿಗೆ ಭಾಳ ಪ್ರೀತಿ.” ಬಾಗಿಲ ಕಡೆ ತಿರುಗಿ, “ನನಗೂ ಇತ್ತು” ಎಂದು ಒಳಗೆ ಹೋದಳು.

ಹೇಳಿಬಿಟ್ಟರೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಅವಳ ಬಾಲ್ಯದಲ್ಲಿ ಒಬ್ಬ ಒಳ್ಳೆಯ ಹುಡುಗನಿದ್ದ. ಅವನನ್ನೂ ಅವಳಿಂದ ಕಿತ್ತುಕೊಂಡೆ ಅಷ್ಟೆ. ದೀಪಾವಳಿಗೆ ಪ್ರತಿ ವರ್ಷ ಅವಳೇ ಮೊದಲು ಫೋನ್ ಮಾಡುತ್ತಿದ್ದಳು. ಈ ಸಲ ಅಂಕಲ್ ಮಾಡಿದರು. ಸಂಜು ಎಲ್ಲಿ ಎಂದು ಕೇಳಿದೆ. “ಇಲ್ಲೇ ಅದಾಳ ನೋಡಪಾ, ಕೈ ಖಾಲಿ ಇಲ್ಲಂತ” ಎಂದರು.