ಆಯಿಯ ವಿಭೂತಿ

ಮೊನ್ನೆ ರಕ್ತ ಪರೀಕ್ಷೆಗೆ ಹೋಗಿದ್ದೆ. ಲ್ಯಾಬಿನ ಹುಡುಗಿ ತೋಳಿಗೆ ಸ್ಪಿರಿಟ್ ಹತ್ತಿ ಒರೆಸಿದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಹಳೇ ಹುಬ್ಬಳ್ಳಿಯ ನಮ್ಮ ಓಣಿ, ಎದುರುಮನೆಯ ಆಯಿ ಕಣ್ಮುಂದೆ ಬಂದರು. ಬಂದವರ ಹಣೆ ಖಾಲಿ...

ಮಗಳಿಗೆ ಆಗ ಐದು ವರ್ಷ. ಹುಟ್ಟಿದ ವಾರದಲ್ಲೇ ಕರುಳು ತಿರುಚಿಕೊಂಡು ಮುಕ್ಕಾಲು ಭಾಗ ಕತ್ತರಿಸಿ ತೆಗೆದಿದ್ದರು. ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಎದೆಯಲ್ಲಿ ಕೂರಿಸಿದ ಸಣ್ಣ ನಳಿಕೆಯಿಂದ ಹಾಲಿನಂಥ ಬಿಳಿ ಆಹಾರ ಸಂಜೆಯಿಂದ ಮುಂಜಾನೆಯವರೆಗೆ ನೇರ ನೆತ್ತರಿಗೆ ಇಳಿಯಬೇಕಿತ್ತು. ಅದನ್ನು ಮನೆಯಲ್ಲೇ ಮಾಡಲು ಆಸ್ಪತ್ರೆಯವರು ತಿಂಗಳುಗಟ್ಟಲೆ ನನಗೆ ಕಲಿಸಿದ್ದರು. ಕೈ ತೊಳೆ, ಗ್ಲೌಸ್ ಹಾಕು, ನಳಿಕೆಯ ತುದಿಯನ್ನು ಸ್ಪಿರಿಟ್‌ನಲ್ಲಿ ಉಜ್ಜು, ಒಣಗಲಿ, ಆಮೇಲೆ ಜೋಡಿಸು. ನಡುವೆ ಬೇರೆ ಏನನ್ನೂ ಮುಟ್ಟಬೇಡ. ನಾನೋ, ಶಿಸ್ತಿನ ಹೆಂಗಸು ಅಂತ ಓಣಿಗೆಲ್ಲ ಹೆಸರಾದವಳು! ಯಾರ ಚಪ್ಪಲಿ ಸದ್ದಾದರೂ ಒಳಗಿನಿಂದಲೇ ಗದರುತ್ತಿದ್ದೆ.

ಒಳಗೆ ಬರಲು ಅಪ್ಪಣೆ ಇದ್ದದ್ದು ಆಯಿಗೆ ಒಬ್ಬರಿಗೇ. ಆಹಾರದ ಚೀಲಗಳು ನಮ್ಮ ಪುಟ್ಟ ಫ್ರಿಜ್ಜಿನಲ್ಲಿ ಹಿಡಿಯುತ್ತಿರಲಿಲ್ಲ. ಆಯಿ ತಮ್ಮ ಫ್ರಿಜ್ಜಿನಲ್ಲಿ ಒಂದು ಖಾನೆ ಖಾಲಿ ಮಾಡಿಕೊಟ್ಟು, "ಇಲ್ಲಿ ಮೊಸರು ಇಟ್ಟೀ ಅಂದ್ರ ನೋಡು, ಇದು ನನ್ನ ಮೊಮ್ಮಗಳ ಊಟ" ಎಂದು ಸೊಸೆಗೆ ತಾಕೀತು ಮಾಡಿದ್ದರು. ಸಂಜೆಯ ಪೂಜೆ ಮುಗಿಸಿ, ಹಣೆತುಂಬ ಮೂರು ಬೆರಳು ವಿಭೂತಿ ಎಳೆದುಕೊಂಡು ಚೀಲ ತರುತ್ತಿದ್ದರು. ಮಗಳು ಹಣೆ ಒಡ್ಡುತ್ತಿದ್ದಳು. ಅವಳಿಗೂ ಒಂಚೂರು ಹಚ್ಚಿ "ಗಟ್ಟಿ ಆಗು ನನ್ನವ್ವಾ" ಅನ್ನುತ್ತಿದ್ದರು.

ಒಂದು ಸಂಜೆ ಆಯಿ ಹೋದ ಮೇಲೆ, ಗ್ಲೌಸ್ ಹಾಕಿ ಕೂತಾಗ, ತಂಗಿಯ ಫೋನು ಬಂತು. ಅವಳನ್ನು ನೋಡಲು ಬಂದಿದ್ದ ಗಂಡಿನ ಕಡೆಯವರು ಏನಂದರೋ ಎಂಬ ಕುತೂಹಲ ನನಗೆ. ಅದೇ ಕೈಯಲ್ಲಿ ಫೋನು ಎತ್ತಿದೆ. ಹರಟುತ್ತ ಅದೇ ಗ್ಲೌಸಿನಲ್ಲೇ ನಳಿಕೆ ಜೋಡಿಸಿದೆ. ತಪ್ಪಾಯಿತೆಂದು ಗೊತ್ತಾಯಿತು. ಗೊತ್ತಾಗಿಯೂ, ಒಂದು ದಿನ ತಾನೇ, ಇರಲಿ ಬಿಡು ಅಂದುಕೊಂಡೆ... ಥೂ, ನನ್ನ ಜನ್ಮಕ್ಕಿಷ್ಟು!

ಮೂರನೇ ದಿನ ಮಗು ಗಡಗಡ ನಡುಗಿತು. ನೆತ್ತರಿಗೆ ನಂಜೇರಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು, "ಜೋಡಿಸೋವಾಗ ಏನರ ತಪ್ಪಾತೇನ್ರಿ?" ಎಂದು ಕೇಳಿದರು. ಗಂಡ, ಅತ್ತೆ ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ಎದುರಮನಿ ಆಯಿ ದಿನಾ ವಿಭೂತಿ ಹಚ್ತಾರ್ರಿ. ಅದರ ಪುಡಿ ಬಿದ್ದಿರಬೇಕು" ಎಂದುಬಿಟ್ಟೆ. ಅತ್ತೆ ಅವತ್ತೇ ಹೋಗಿ ಆಯಿಗೆ ಅದನ್ನು ಹೇಳಿಯೂ ಬಂದರು.

ಮಗಳು ಬದುಕಿ ಮನೆಗೆ ಬಂದಳು. ಮರುದಿನ ಸಂಜೆ ಆಯಿ ಬಾಗಿಲಲ್ಲಿ ನಿಂತಿದ್ದರು. ಮೊಣಕೈವರೆಗೆ ತೊಳೆದ ಕೈ. ಹಣೆ ಬೋಳು. ಲಿಂಗಪೂಜೆ ಮಾಡಿದ ಹಣೆಯನ್ನು ಸೋಪು ಹಚ್ಚಿ ತೊಳೆದುಕೊಂಡು ಬಂದಿದ್ದರು.

"ಒಳಗ ಬರಲೇನವ್ವಾ? ಎಲ್ಲಾ ತೊಳಕೊಂಡು ಬಂದೇನಿ. ನನ್ನಿಂದ ಕೂಸಿಗೆ ಮತ್ತ ಏನೂ ಆಗಬಾರದು."

ನಿಮ್ಮದೇನೂ ತಪ್ಪಿಲ್ಲ ಆಯಿ ಅನ್ನಬೇಕಿತ್ತು. "ಬರ್ರಿ, ಸ್ವಲ್ಪ ದೂರ ಕೂಡ್ರಿ" ಅಂದೆ. ಮಗಳು ಎಂದಿನಂತೆ ಹಣೆ ಒಡ್ಡಿದಳು. ಆಯಿ ನನ್ನತ್ತ ನೋಡಲೂ ಇಲ್ಲ. "ಇವತ್ತ ವಿಭೂತಿ ಮರತು ಬಂದೇನವ್ವಾ" ಎಂದರು.

ಆಮೇಲೆ ಎರಡು ವರ್ಷ ದಿನಾ ಮರೆತು ಬಂದರು.

ಉಳಿದ ಕರುಳು ಬೆಳೆದು ನಳಿಕೆ ತೆಗೆದ ಮೇಲೆ ನಾವು ಧಾರವಾಡಕ್ಕೆ ಮನೆ ಬದಲಿಸಿದೆವು. ಹೋಗಿ ಖರೇ ಹೇಳಬೇಕು, ಈ ಹಬ್ಬಕ್ಕೆ, ಬರುವ ಹಬ್ಬಕ್ಕೆ ಅಂತ ಮುಂದೂಡಿದೆ. ಕೊನೆಗೆ ಆಯಿ ತೀರಿಕೊಂಡ ಸುದ್ದಿ ಕೇಳಿ ಹೋದ ದಿನ ಅವರನ್ನು ಗೋಡೆಗೆ ಆನಿಸಿ ಕೂರಿಸಿದ್ದರು, ಹಣೆಗೆ, ತೋಳಿಗೆ ಎಲ್ಲ ವಿಭೂತಿ ಬಳಿದು. ಎಲ್ಲರೊಡನೆ ಅತ್ತು ಬಂದೆ, ಅಷ್ಟೇ.

ಮೊನ್ನೆ ಲ್ಯಾಬಿನಿಂದ ಮನೆಗೆ ಬಂದಾಗ ಮಗಳು ರೊಟ್ಟಿ ಉಣ್ಣುತ್ತ ಕೂತಿದ್ದಳು. ಈಗ ಕಾಲೇಜಿಗೆ ಹೋಗುತ್ತಾಳೆ. ತಡೆಯಲಾಗಲಿಲ್ಲ, ಫೋನಿನಿಂದ ಹಿಡಿದು ಎಲ್ಲ ಹೇಳಿಬಿಟ್ಟೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟಳು.

"ನಾ ಆಯಿ ಮ್ಯಾಲ ಸಿಟ್ಟ ಮಾಡಿದ್ನಲ್ಲವ್ವಾ... ನನ್ನ ಮ್ಯಾಲ ಅವರಿಗೆ ಪ್ರೀತಿ ಕಡಿಮಿ ಆಗೇತಿ, ಅದಕ್ಕ ದಿನಾ ಮರೀತಾರ ಅಂತ."

ತಪ್ಪಾಯಿತು ಅನ್ನಲು ಈಗ ನಮ್ಮಿಬ್ಬರಿಗೂ ಆಯಿ ಇಲ್ಲ.