ಷಿಯಾನಿನ ಒಂದು ಯೆಸ್

ಮೊನ್ನೆ ರೆಡ್‌ವುಡ್ ಸಿಟಿಯ ಗ್ರೋಸರಿ ಅಂಗಡಿಯಲ್ಲಿ ಕೌಂಟರಿನವಳು “ಬ್ಯಾಗು ಬೇಡ ತಾನೆ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು. “ಯೆಸ್” ಎಂದೆ. ಅವಳು ಬ್ಯಾಗು ತೆಗೆದು ಸಾಮಾನು ತುಂಬತೊಡಗಿದಳು. ‘ಹೌದು, ಬೇಡ’ ಎಂದು ನಾನು ಹೇಳಿದ್ದು. ‘ಹೌದು, ಬೇಕು’ ಎಂದು ಅವಳಿಗೆ ಕೇಳಿಸಿದ್ದು. ಇಷ್ಟು ವರ್ಷ ಅಮೆರಿಕದಲ್ಲಿದ್ದರೂ ನನ್ನ ಯೆಸ್ಸು ಇನ್ನೂ ಕನ್ನಡದ್ದೇ. ಕಾರಿನಲ್ಲಿ ಕೂತ ಮೇಲೆ ಷಿಯಾನ್ ನೆನಪಾಯಿತು.

ಹೋದ ವರ್ಷ ಅಮ್ಮನನ್ನು ಉಡುಪಿಯಿಂದ ಕರೆತರುವಾಗ, ಚೀನಾದ ಆ ಹಳೆಯ ರಾಜಧಾನಿಯಲ್ಲಿ ಮೂರು ದಿನ ಇಳಿದಿದ್ದೆವು. ಜೊತೆಗೆ ಒಬ್ಬಳು ಗೈಡ್. ಕೋಟೆಗೋಡೆಯ ಮೇಲೆ ನಡೆದೆವು. ಭಾರತದಿಂದ ತಂದ ಗ್ರಂಥಗಳನ್ನು ಇಡಲು ಕಟ್ಟಿದ ಪಗೋಡಕ್ಕೆ ಅಮ್ಮ ಚಪ್ಪಲಿ ಬಿಟ್ಟು ಪ್ರದಕ್ಷಿಣೆ ಹಾಕಿದಳು. ಹಾಗೆಂದು ನನ್ನ ನೆನಪು. ಫೋಟೋದಲ್ಲಿ ಅವಳ ಕಾಲಲ್ಲಿ ಶೂ ಇದೆ. ಆದ್ದರಿಂದ ಮುಂದಿನದನ್ನೂ ಅಳುಕಿನಿಂದಲೇ ಬರೆಯುತ್ತಿದ್ದೇನೆ.

ಎರಡನೆಯ ಮಧ್ಯಾಹ್ನ ಒಂದು ಸಣ್ಣ ಹೋಟೆಲು. ಬೆಲ್ಟಿನಷ್ಟು ಅಗಲದ ನೂಡಲ್ಸು, ಮೇಲೆ ಖಾರದ ಪುಡಿ, ಅದರ ಮೇಲೆ ಕಾದ ಎಣ್ಣೆ ಚುಂಯ್ ಎಂದು ಸುರಿದರು. “ಓ, ಇದು ನಮ್ಮ ಒಗ್ಗರಣೆಯೇ ಮಾರಾಯ್ತಿ!” ಎಂದು ಅಮ್ಮ ಹಿಗ್ಗಿದಳು. ಅಮ್ಮ ಹುಟ್ಟಿದಾಗಿನಿಂದ ಬೆಳ್ಳುಳ್ಳಿ ಮುಟ್ಟಿದವಳಲ್ಲ. “ಬೆಳ್ಳುಳ್ಳಿ ಹಾಕಿಲ್ಲ ತಾನೆ?” ಎಂದು ಗೈಡನ್ನು ಕೇಳಿದೆ. “ಯೆಸ್” ಎಂದಳು. ಚೀನೀ ಭಾಷೆಯಲ್ಲೂ ನಮ್ಮಂತೆಯೇ ‘ಹೌದು, ಇಲ್ಲ’ ಎನ್ನುತ್ತಾರೆಂದು ಕೇಳಿದ್ದೆ. ಬಟ್ಟಲನ್ನು ಅಮ್ಮನ ಮುಂದೆ ಸರಿಸಿದೆ. ಆದರೆ ಆ ಗೈಡು ಅಮೆರಿಕದ ಪ್ರವಾಸಿಗಳ ಜೊತೆ ತಿರುಗಿಯೇ ಇಂಗ್ಲಿಷು ಕಲಿತವಳು; ಅವಳ ಯೆಸ್ಸು ‘ಹೌದು, ಹಾಕಿದೆ’ ಎಂದೂ ಇದ್ದೀತು. ಬೆಳ್ಳುಳ್ಳಿಯ ವಾಸನೆ ಬಂದಿತ್ತೆ? ಬಂದಿತ್ತು ಎಂದು ಈಗ ಅನ್ನಿಸುತ್ತದೆ. ಆ ನೆನಪು ಅಲ್ಲಿಯದೋ, ಮೊನ್ನೆಯ ಬ್ಯಾಗಿನ ಪ್ರಸಂಗದಿಂದ ಹುಟ್ಟಿದ್ದೋ? ಆ ದಿನದ ಡೈರಿಯಲ್ಲಿ ಇರುವುದು ಒಂದೇ ಸಾಲು: ‘ಅಮ್ಮ ಬಟ್ಟಲು ಖಾಲಿ ಮಾಡಿದಳು.’

ಅಮ್ಮ ಇಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು: “ಮೂರು ದಿನ ಚೀನಾದಲ್ಲಿದ್ದೆ. ಒಂದು ಎಸಳು ಬೆಳ್ಳುಳ್ಳಿ ಹೊಟ್ಟೆಗೆ ಹೋಗ್ಲಿಲ್ಲ ಮಾರಾಯ್ರೆ.”

ಮೊನ್ನೆ ಸಂಜೆ ಅವಳು ಬೀನ್ಸ್ ಹೆಚ್ಚುತ್ತಿದ್ದಾಗ ಬ್ಯಾಗಿನ ಕಥೆ ಹೇಳಿದೆ. ನಕ್ಕಳು. ಆಮೇಲೆ ನಗು ನಿಂತಿತು.

“ಆ ನೂಡಲ್ಸಿನಲ್ಲಿ ಬೆಳ್ಳುಳ್ಳಿ ಇರ್ಲಿಲ್ಲ ಅಲ್ವಾ?”

“ಹೌದಮ್ಮ.”

“ಎಂತ ಹೌದು? ನಮ್ಮ ಹೌದಾ, ಅಂಗಡಿಯವಳ ಹೌದಾ?”

“ಗೊತ್ತಿಲ್ಲಮ್ಮ,” ಎಂದೆ.

ಅವಳು ಬೀನ್ಸಿನ ತುದಿಗಳನ್ನೆಲ್ಲ ಒಟ್ಟುಮಾಡಿದಳು. “ಒಗ್ಗರಣೆ ಮಾತ್ರ ಲಾಯ್ಕಿತ್ತು,” ಎಂದಳು.

ಭಾನುವಾರ ಮಂಗಳೂರಿನ ಸ್ನೇಹಿತರು ಊಟಕ್ಕೆ ಬಂದರು. ಅಮ್ಮ ಚೀನಾದ ಸುದ್ದಿ ತೆಗೆದಳು. ಬೆಳ್ಳುಳ್ಳಿಯ ಮಾತು ಬರಲಿಲ್ಲ. ನೇರ ಪಗೋಡಕ್ಕೆ ಹೋದಳು.

“ಚಪ್ಪಲಿ ಬಿಟ್ಟೇ ಸುತ್ತು ಬಂದೆ,” ಎಂದು ನನ್ನ ಕಡೆ ನೋಡಿದಳು. “ಅಲ್ವೇನೇ?”

“ಹೌದು,” ಎಂದೆ.