ತಿಥಿಯ ದಿನ ಕವಿದ ಮಂಜು

ನಾನು ವಿಮಾನ ಓಡಿಸುವವನೆಂದು ಶಂಕರಪುರದ ನಮ್ಮ ಬೀದಿಗೆಲ್ಲ ಗೊತ್ತು. ಹಾಲಿನ ಬೂತಿನ ಮುಂದೆ, ಕಟಿಂಗ್ ಶಾಪಿನಲ್ಲಿ, ಸಿಕ್ಕಸಿಕ್ಕಲ್ಲಿ ಅದೇ ಪ್ರಶ್ನೆ, ಮೇಲೆ ಭಯ ಆಗಲ್ವಾ ಅಂತ. ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಈಗೀಗ ‘ಆಗುತ್ತೆ, ಹೆಬ್ಬಾಳದ ಫ್ಲೈಓವರ್ ಮೇಲೆ’ ಎಂದು ಹೇಳಿ ಹಾಲಿನ ಪ್ಯಾಕೆಟ್ ಹಿಡಿದು ಮನೆಗೆ ಬರುತ್ತೇನೆ. ಅವರು ನಗುತ್ತಾರೆ. ನಾನು ತಮಾಷೆಗೆ ಹೇಳಿದ್ದಲ್ಲ.

ಜನ ಹೆದರುವುದು ಅಲುಗಾಟಕ್ಕೆ. ವಿಮಾನ ಒಂದಿಷ್ಟು ಕುಲುಕಿದರೆ ಸಾಕು, ಹಿಂದೆ ಕೂತವರು ಮನೆದೇವರಿಗೆ ಹರಕೆ ಹೊರುತ್ತಾರೆ. ನಮಗೆ ಅದು ಕಲಾಸಿಪಾಳ್ಯದ ರಸ್ತೆಗುಂಡಿ ಇದ್ದ ಹಾಗೆ, ಬೆನ್ನು ನೋಯುತ್ತದೆ ಅಷ್ಟೇ. ಎಂಜಿನ್ ನಿಂತರೆ ಏನು ಮಾಡಬೇಕೆಂಬುದು ಪರೀಕ್ಷೆ ಕೊಟ್ಟೂ ಕೊಟ್ಟೂ ಬಾಯಿಪಾಠವಾಗಿದೆ. ನಾವು ಹೆದರುವುದು ಎಲ್ಲ ಸರಿಯಾಗಿದೆ ಅನ್ನಿಸುವ ದಿನಕ್ಕೆ. ಸುಸ್ತಾಗಿದ್ದೂ ಸುಸ್ತೆಂದು ತಿಳಿಯದ ದಿನಕ್ಕೆ. ಎಲ್ಲಕ್ಕಿಂತ ಹೆಚ್ಚಾಗಿ, ಬೇಗ ಮನೆ ಸೇರಬೇಕಾದ ದಿನಕ್ಕೆ. ಇದನ್ನು ತರಗತಿಯಲ್ಲಿ ಕಲಿತಿದ್ದೇನೆ, ಹೊಸಬರಿಗೆ ಕಲಿಸಿಯೂ ಇದ್ದೇನೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ಅಮ್ಮನಿಗೆ ಇದ್ಯಾವುದೂ ಗೊತ್ತಿಲ್ಲ. ನಾನು ಬ್ಯಾಗ್ ಎಳೆದುಕೊಂಡು ಹೊರಟಾಗಲೆಲ್ಲ ಬಾಗಿಲಿಗೆ ಬಂದು, ನಿಧಾನಕ್ಕೆ ಓಡಿಸೋ ಎನ್ನುತ್ತಾಳೆ. ನಿಧಾನಕ್ಕೆ ಓಡಿಸಿದರೆ ಬಿದ್ದುಹೋಗುತ್ತದೆ ಎಂದು ನಾನು ರೇಗುತ್ತೇನೆ. ಮುಂದಿನ ಸಲವೂ ಅದೇ ಮಾತು. ಯುಗಾದಿಗೆ ಹೊಸ ಪಂಚಾಂಗ ಬಂದ ದಿನವೇ ಪೆನ್ಸಿಲ್ ಹಿಡಿದು ಕೂತು, ಅಪ್ಪನ ತಿಥಿಗೆ ಗುರುತು ಹಾಕಿಡುತ್ತಾಳೆ. ಪುಷ್ಯ ಮಾಸ, ಅಮಾವಾಸ್ಯೆಗೆ ಸ್ವಲ್ಪ ಮುಂಚೆ. ನಾನು ಒಬ್ಬನೇ ಮಗ, ಒಂದು ವರ್ಷವೂ ತಪ್ಪಿಸಿರಲಿಲ್ಲ.

ಕಳೆದ ಸಲ ರಜೆ ಸಿಗಲಿಲ್ಲ. ಪೈಲಟ್‌ಗಳು ಕಡಿಮೆ, ವಿಮಾನಗಳು ಜಾಸ್ತಿ, ಯಾರನ್ನು ಬೈಯುವುದು? ಹಿಂದಿನ ರಾತ್ರಿ ಹುಬ್ಬಳ್ಳಿಯಲ್ಲಿ ತಂಗಿ, ಬೆಳಗಿನ ಮೊದಲ ವಿಮಾನವನ್ನು ಬೆಂಗಳೂರಿಗೆ ತಂದು, ಪುರೋಹಿತರು ಬರುವುದರೊಳಗೆ ಮನೆ ಸೇರಿ ಸ್ನಾನ ಮಾಡುವುದೆಂದು ಹೊಂದಿಸಿಕೊಂಡೆ. ನಮ್ಮಲ್ಲಿ ತಿಥಿ ಮಾಡುವವನು ಹಿಂದಿನ ದಿನ ಒಪ್ಪೊತ್ತು, ಅಂದರೆ ಒಂದೇ ಹೊತ್ತು ಊಟ. ತಿಥಿಯ ದಿನ ಪುರೋಹಿತರ ಊಟವಾಗುವ ತನಕ ಕಾಫಿಯೂ ಇಲ್ಲ. ಅಮ್ಮ ಫೋನ್ ಮಾಡಿ ನೆನಪಿಸಿದಳು. ರೆಕ್ಕೆಯ ಮೇಲೆ ಒಂದು ಗೀರು ಕಂಡರೂ ಎಂಜಿನಿಯರನ್ನು ಕರೆಸುವ ಆಸಾಮಿ ನಾನು. ಖಾಲಿ ಹೊಟ್ಟೆಯಲ್ಲಿ, ಅರೆ ನಿದ್ದೆಯಲ್ಲಿ ಎದ್ದು, ಹಾಗೇ ಹೋಗಿ ಕ್ಯಾಪ್ಟನ್ ಕೂರುವ ಎಡಗಡೆಯ ಸೀಟಿನಲ್ಲಿ ಕೂತೆ. ಒಪ್ಪೊತ್ತಿನಲ್ಲಿ ಅಪಾಯವಿರಬಹುದೆಂದು ತಲೆಗೇ ಬರಲಿಲ್ಲ. ಅದು ಮನೆಯ ವಿಷಯ, ಇದು ಕೆಲಸದ ವಿಷಯ.

ಪಕ್ಕದಲ್ಲಿ ಕೋ-ಪೈಲಟ್ ಆಗಿ ಮೈಸೂರಿನ ಹುಡುಗಿಯೊಬ್ಬಳಿದ್ದಳು. ನಾನು ಕಾಫಿ ಬೇಡವೆಂದಾಗ ಆಶ್ಚರ್ಯಪಟ್ಟು ಕೇಳಿದಳು. ಅಪ್ಪನ ತಿಥಿ ಅಂದೆ. ಪಾಪ, ತನ್ನ ಕಾಫಿಯನ್ನೂ ವಾಪಸ್ ಕಳಿಸಿಬಿಟ್ಟಳು.

ಬೆಂಗಳೂರು ಹತ್ತಿರವಾದಾಗ ನೆಲವೆಲ್ಲ ಬಿಳಿ. ಚಳಿಗಾಲದ ಬೆಳಗಿನ ಮಂಜು ಅಲ್ಲಿ ಹೊಸದಲ್ಲ. ನನ್ನದು ರೆಕ್ಕೆಗಳಲ್ಲಿ ಫ್ಯಾನ್ ತಿರುಗುವ ಚಿಕ್ಕ ವಿಮಾನ, ದೊಡ್ಡ ವಿಮಾನಗಳ ಹಾಗೆ ಮಂಜಿನಲ್ಲಿ ತಾನಾಗಿ ಇಳಿಯುವಂಥದ್ದಲ್ಲ. ಒಂದು ಎತ್ತರವಿದೆ. ಅಲ್ಲಿಗೆ ಬಂದಾಗ ರನ್‌ವೇ ದೀಪ ಕಂಡರೆ ಇಳಿಯಬೇಕು, ಇಲ್ಲವಾದರೆ ಮರುಮಾತಿಲ್ಲದೆ ಮೇಲೇರಬೇಕು. ಇಳಿಯಲು ಪ್ರಯತ್ನಿಸುವಷ್ಟು ಕಾಣುತ್ತಿದೆ ಎಂದು ಕೆಳಗೆ ಟವರಿನಿಂದ ಹೇಳಿದರು. ಇಳಿಯುತ್ತಾ ಬಂದೆ. ಆ ಎತ್ತರ ಬಂತು. ನನಗೆ ದೀಪ ಕಂಡಿತು. ಈಗಲೂ ಆಣೆ ಮಾಡಿ ಹೇಳುತ್ತೇನೆ, ಕಂಡಿತು. ಸಾಲಾಗಿ, ಹಳದಿಯಾಗಿ, ನೆಟ್ಟಗೆ.

"ಸರ್, ನನಗೇನೂ ಕಾಣ್ತಿಲ್ಲ" ಅಂದಳು ಹುಡುಗಿ, ಮೆಲ್ಲಗೆ.

ಮತ್ತೆ ನೋಡಿದೆ. ಬರೀ ಬಿಳಿ. ಕೈ ತಾನಾಗಿ ಪವರ್ ಲಿವರನ್ನು ಮುಂದಕ್ಕೆ ತಳ್ಳಿತು, ವಿಮಾನ ಮೇಲೆದ್ದಿತು. ಹಿಂದೆ ಕೂತವರು ಎರಡು ನಿಮಿಷ ಗೊಣಗಿರಬೇಕು. ಮತ್ತೊಮ್ಮೆ ಪ್ರಯತ್ನಿಸುವ ಮನಸ್ಸಾಗಲಿಲ್ಲ, ಚೆನ್ನೈಗೆ ಹೋದೆವು.

ಅಲ್ಲಿ ಇಳಿದು, ಬಾಗಿಲು ತೆರೆದು, ಇಂಧನದ ಲಾರಿಗೆ ಕಾಯುತ್ತಾ ಕೂತಾಗ ಅವಳನ್ನು ಕೇಳಿದೆ, ನಿನ್ನ ಮಾತು ಒಂದು ಚೂರು ತಡವಾಯಿತಲ್ಲ, ಯಾಕೆ ಅಂತ. ನಾನು ಬೈಯಲು ಕೇಳಿದ್ದಲ್ಲ. ಅವಳು ತಲೆ ತಗ್ಗಿಸಿದಳು.

"ನಿಮಗೆ ತಿಥಿ ಇತ್ತಲ್ಲ ಸರ್. ಹೇಗೆ ಹೇಳೋದು ಅನ್ನಿಸ್ಬಿಡ್ತು."

ನನಗೆ ಆಗ ಭಯವಾಯಿತು. ಮಂಜಿಗಲ್ಲ. ಇಲ್ಲದ ದೀಪ ಕಂಡ ನನ್ನ ಕಣ್ಣಿಗೆ, ನನ್ನನ್ನು ನೋಯಿಸಬಾರದೆಂದು ತಡೆದ ಅವಳ ನಾಲಗೆಗೆ. ಇಷ್ಟು ವರ್ಷದ ಕೆಲಸದಲ್ಲಿ ಹಾಗೆ ಹೆದರಿದ್ದು ಅದೇ ಮೊದಲು, ಅದೂ ನೆಲದ ಮೇಲೆ ನಿಂತ ವಿಮಾನದಲ್ಲಿ.

ಅಷ್ಟರಲ್ಲಿ ಅಮ್ಮನ ಫೋನು. ಪುರೋಹಿತರು ಬಂದು ಕೂತಿದ್ದಾರೆ, ಮಧ್ಯಾಹ್ನದವರೆಗೂ ಕಾಯುತ್ತಾರಂತೆ, ಅಡಿಗೆಯೆಲ್ಲ ಮಡಿಯಲ್ಲಿ ಆಗಿದೆ, ಹೇಗಾದರೂ ಮಾಡಿ ಬಂದ್ಬಿಡು ಅಂದಳು. ಮಂಜು ಕರಗುತ್ತಿದೆಯೆಂದು ಸುದ್ದಿ ಬಂದಿತ್ತು. ಬೇಗ ಹೊರಟರೆ ಸಮಯಕ್ಕೆ ಸೇರಬಹುದಿತ್ತು. ಆದರೆ ಆ ವಿಮಾನವನ್ನು ವಾಪಸ್ ತರಬೇಕಾದವನು ನಾನೇ, ನಿನ್ನೆ ಮಧ್ಯಾಹ್ನದಿಂದ ಏನೂ ತಿನ್ನದ ನಾನು. ತಿಂದರೆ ಅಪ್ಪನ ತಿಥಿ ಇವತ್ತಿಗೆ ಇಲ್ಲ. ತಿನ್ನದಿದ್ದರೆ ಹಿಂದೆ ಕೂತ ಅಷ್ಟೂ ಜನರನ್ನು ನನ್ನ ಆ ಕಣ್ಣುಗಳನ್ನೇ ನಂಬಿ ಕರೆದೊಯ್ಯಬೇಕು. ಅಮ್ಮನಿಗೆ ಹೂಂ ಅಂದು ಫೋನ್ ಇಟ್ಟೆ.

ಸಿಬ್ಬಂದಿಯ ಊಟದ ಡಬ್ಬಿಯಲ್ಲಿ ಉಪ್ಪಿಟ್ಟಿತ್ತು. ಆರಿ ಗಟ್ಟಿಯಾಗಿತ್ತು. ಮೊದಲ ತುತ್ತಿಗೇ ಕಣ್ಣಲ್ಲಿ ನೀರು ಬಂತು. ಹುಡುಗಿ ಕಿಟಕಿಯ ಕಡೆ ತಿರುಗಿ ಕೂತಳು. ಪೂರ್ತಿ ತಿಂದೆ. ಕಾಫಿ ಕುಡಿದೆ. ಅವಳಿಗೂ ಕುಡಿಸಿದೆ. ಅರ್ಧ ಗಂಟೆ ಕಣ್ಣು ಮುಚ್ಚಿ ಕೂತು, ಆಮೇಲೆ ಹೊರಡೋಣ ಅಂದೆ. ಬೆಂಗಳೂರಿನಲ್ಲಿ ಬಿಸಿಲು ಬಿದ್ದಿತ್ತು, ರನ್‌ವೇ ಎಷ್ಟೋ ದೂರದಿಂದಲೇ ಕಂಡಿತು. ನನಗೆ ಖುಷಿಯೇನೂ ಆಗಲಿಲ್ಲ.

ಕ್ಯಾಬು ಹೆಬ್ಬಾಳ ದಾಟಿ, ಮೇಖ್ರಿ ಸರ್ಕಲ್ಲಿನಲ್ಲಿ ನಿಂತು ನಿಂತು, ಚಾಮರಾಜಪೇಟೆಯ ಮೂಲಕ ನಮ್ಮ ಬೀದಿಗೆ ತಿರುಗುವಾಗ ಹೊತ್ತು ಇಳಿದಿತ್ತು. ದಾರಿಯುದ್ದಕ್ಕೂ ಏನು ಹೇಳಲಿ ಎಂದು ಯೋಚಿಸಿ ಯೋಚಿಸಿ ದಣಿದುಹೋಗಿದ್ದೆ. ಪುರೋಹಿತರು ಕಾದು ಕಾದು, ಅಕ್ಕಿ ಬೇಳೆ ಬಾಳೆಕಾಯಿ ದಕ್ಷಿಣೆ ತೆಗೆದುಕೊಂಡು ಹೊರಟುಹೋಗಿದ್ದರು. ನಡುಮನೆಯಲ್ಲಿ ಹಾಕಿದ ಮಣೆಗಳು ಹಾಗೇ ಇದ್ದವು. ಅಮ್ಮ ಇನ್ನೂ ಮಡಿಸೀರೆಯಲ್ಲೇ ಗೋಡೆಗೊರಗಿ ಕೂತಿದ್ದಳು. ಅವಳು ಬೆಳಗಿನಿಂದ ಏನೂ ಮುಟ್ಟಿರಲಿಲ್ಲ.

"ಏನಾದ್ರೂ ತಿಂದ್ಯೇನೋ?" ಅಂದಳು.

ಬೇರೆ ಏನು ಕೇಳಿದ್ದರೂ ಸುಳ್ಳು ಹೇಳುತ್ತಿದ್ದೆನೇನೋ. ತಿಂದೆ ಅಂದೆ. ಚೆನ್ನೈನಲ್ಲೇ, ಹೊರಡುವ ಮೊದಲೇ. ದೀಪ ಕಂಡದ್ದು, ಅದು ಇಲ್ಲದ್ದು, ಹುಡುಗಿ ಹೇಳಿದ್ದು, ಎಲ್ಲ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಇಷ್ಟು ವರ್ಷ ನಾನು ಮನೆಯಲ್ಲಿ ಇಂಥದ್ದನ್ನು ಒಂದಕ್ಷರ ಹೇಳಿದವನಲ್ಲ. ಅವಳು ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಗೋಡೆ ಹಿಡಿದು ಎದ್ದಳು. ನನಗೊಂದು, ತನಗೊಂದು ಎಲೆ ಹಾಕಿದಳು. ಆರಿಹೋದ ವಡೆ ಬಡಿಸುತ್ತಾ ಅಂದಳು:

"ನಿಮ್ಮಪ್ಪಂಗೆ ಅಮಾವಾಸ್ಯೆಗೆ ಮಾಡಿದ್ರಾಯ್ತು, ಅವರು ಕಾಯ್ತಾರೆ. ಪಂಚಾಂಗದಲ್ಲಿ ಇನ್ನೊಬ್ಬರ ತಿಥಿಗೆ ಗುರುತು ಹಾಕೋ ಶಕ್ತಿ ನನಗಿಲ್ಲ ಕಣೋ. ತಿನ್ನು."